ಗಂಟಿನಿಂದ ಗಾಜಿನವರೆಗೆ: ಸ್ತನ ಕ್ಯಾನ್ಸರ್‌ನ ಅರಿವು ಕಲಬುರಗಿಗೆ ಬಂದ ದಾರಿ

1889ರಲ್ಲಿ ಲಂಡನ್ನಿನ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ ಎರಡು ದೊಡ್ಡ ಕೆಲಸ ಮಾಡಿತು. ಮಾರ್ಚ್ ತಿಂಗಳಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯನ ಲೇಖನವನ್ನು ಅಚ್ಚು ಹಾಕಿತು. ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಹೆಂಗಸರ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಆತ ಒಂದೊಂದಾಗಿ ಓದಿ ಲೆಕ್ಕ ಹಾಕಿದ್ದ. ಅದೇ ವರ್ಷದ ಕೊನೆಗೆ ಪತ್ರಿಕೆ ತನ್ನ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯನನ್ನು ಹೈದರಾಬಾದಿಗೆ ಕಳಿಸಿತು. ಅಲ್ಲಿ ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸಾಯುವುದು ಉಸಿರು ನಿಂತೋ, ಹೃದಯ ನಿಂತೋ ಎಂಬ ಜಗಳ ತೀರ್ಮಾನವಾಗಬೇಕಿತ್ತು. ಅದರ ಖರ್ಚು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರದು.

ಕಲಬುರಗಿ ಆಗ ನಿಜಾಮರ ಸೀಮೆಯ ಊರು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ರೈಲುಹಳಿ 1871ರಲ್ಲಿ ರಾಯಚೂರಿನ ಹತ್ತಿರ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತ್ತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ಇನ್ನೊಂದು ಕವಲು ಹೋಯಿತು. ಆಗ ಮುಂಬಯಿಯಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರಿಗೆ ಸೋಲಾಪುರ, ಕಲಬುರಗಿ, ವಾಡಿಯ ದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕಲಬುರಗಿಯ ಸ್ಟೇಶನ್ ಬಜಾರ ತನ್ನ ಹೆಸರನ್ನು ಪಡೆದದ್ದು ಈ ಹಳಿಯ ನಿಲ್ದಾಣದಿಂದ. ಮುಂದಿನ ನೂರು ವರ್ಷ ಈ ಸೀಮೆಯ ಹೆಂಗಸರು ಎದೆಯ ಗಂಟನ್ನು ಹೊತ್ತು ದೊಡ್ಡ ಆಸ್ಪತ್ರೆ ಹುಡುಕಿ ಹೊರಟದ್ದೂ ಇದೇ ಹಳಿಯ ಮೇಲೆ.

ಆ ರೋಗ ಏನು, ಅದು ಹೇಗೆ ಹಬ್ಬುತ್ತದೆ ಎಂಬ ತಿಳಿವಳಿಕೆ ಬದಲಾದ ಹಾಗೆಲ್ಲ ಹೆಂಗಸರ ಪಾಡೂ ಬದಲಾಗಿದೆ. ತಪ್ಪು ತಿಳಿವಳಿಕೆಯ ದಂಡವನ್ನು ತೆತ್ತವರು ಅವರೇ, ಸರಿಯಾದ ತಿಳಿವಳಿಕೆ ತಡವಾಗಿ ತಲುಪಿದ್ದರ ದಂಡವನ್ನು ತೆತ್ತವರೂ ಅವರೇ. ಆ ತಿಳಿವಳಿಕೆ ಹುಟ್ಟಿದ ಬಗೆಯನ್ನೂ ಅದು ನಮ್ಮ ಭಾಗಕ್ಕೆ ಬಂದು ಮುಟ್ಟಿದ ದಾರಿಯನ್ನೂ ಒಟ್ಟಿಗೆ ಹೇಳುವುದು ಅದಕ್ಕಾಗಿ.

ಪಿತ್ತದಿಂದ ಜೀವಕೋಶಕ್ಕೆ

ಗ್ರೀಕ್ ವೈದ್ಯ ಗ್ಯಾಲೆನ್ ಕ್ರಿ.ಶ. ಎರಡನೆಯ ಶತಮಾನದಲ್ಲಿ, ಮೈಯಲ್ಲಿ ಕಪ್ಪು ಪಿತ್ತ ಹೆಚ್ಚಾದಾಗ ಸ್ತನದಲ್ಲಿ ಗಡ್ಡೆ ಕಟ್ಟುತ್ತದೆ ಎಂದ. ಆ ಮಾತು ಯುರೋಪಿನಲ್ಲಿ ಸಾವಿರದೈನೂರು ವರ್ಷ ನಡೆಯಿತು. ರೋಗ ಇಡೀ ಮೈಯದು ಅಂದಮೇಲೆ ಒಂದು ಕಡೆ ಕೊಯ್ದು ಏನು ಫಲ ಎಂದು ಬಹಳಷ್ಟು ವೈದ್ಯರು ಕೈ ಕಟ್ಟಿ ಕುಳಿತರು. 1757ರಲ್ಲಿ ಫ್ರಾನ್ಸಿನ ಆನ್ರಿ ಲ ಡ್ರಾನ್ ಬೇರೆ ಮಾತು ಹೇಳಿದ: ರೋಗ ಮೊದಲು ಸ್ತನದಲ್ಲಿಯೇ ಹುಟ್ಟುತ್ತದೆ, ಆಮೇಲೆ ದುಗ್ಧನಾಳಗಳ ಮೂಲಕ ಕಂಕುಳಿನ ಗ್ರಂಥಿಗಳಿಗೆ ಹೋಗುತ್ತದೆ. ಇದು ನಿಜವಾದರೆ ಬೇಗ ಕೊಯ್ದರೆ ಬದುಕಿಸಬಹುದು. ಈ ರೋಗದ ವಿಷಯದಲ್ಲಿ ಆಸೆಗೆ ಒಂದು ಕಾರಣ ಸಿಕ್ಕಿದ್ದು ಇಲ್ಲಿಂದ.

ಸೂಕ್ಷ್ಮದರ್ಶಕ ಸುಧಾರಿಸಿದ ಮೇಲೆ ಜರ್ಮನಿಯ ಯೋಹಾನೆಸ್ ಮ್ಯೂಲರ್ 1838ರಲ್ಲಿ ಗಡ್ಡೆಗಳೂ ಜೀವಕೋಶಗಳಿಂದಲೇ ಆದವು ಎಂದು ತೋರಿಸಿದ. ಅವನ ಶಿಷ್ಯ ರುಡಾಲ್ಫ್ ವಿರ್ಶೋ 1858ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ಪ್ರತಿಯೊಂದು ಜೀವಕೋಶ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ, ರೋಗವನ್ನು ಹುಡುಕಬೇಕಾದದ್ದು ಜೀವಕೋಶದಲ್ಲಿ ಎಂದು ಸಾರಿದ. ಪಿತ್ತದ ಕಾಲ ಅಲ್ಲಿಗೆ ಮುಗಿಯಿತು. ಕ್ಯಾನ್ಸರ್ ಹೊರಗಿನಿಂದ ಬಂದು ಕೂತ ಪೀಡೆಯಲ್ಲ; ನಮ್ಮದೇ ಜೀವಕೋಶಗಳು ಬೆಳವಣಿಗೆಯ ಹದ ತಪ್ಪಿ ಎಲ್ಲೆ ಮೀರಿದ ಸ್ಥಿತಿ.

ಈಗ ನಾವು ತಿಳಿದಿರುವಂತೆ ಬಹುಪಾಲು ಸ್ತನ ಕ್ಯಾನ್ಸರ್ ಶುರುವಾಗುವುದು ಹಾಲಿನ ಸಣ್ಣ ನಾಳ ಹಾಲು ಒಸರುವ ಗೊಂಚಲನ್ನು ಸೇರುವ ಜಾಗದಲ್ಲಿ. ನಾಳದ ಒಳಗೋಡೆಯ ಕೋಶಗಳು ಬೆಳೆದು ನಾಳವನ್ನೇ ತುಂಬುತ್ತವೆ. ನಾಳದ ಸುತ್ತ ತೆಳುವಾದ ಒಂದು ಪೊರೆ ಇದೆ. ಕೋಶಗಳು ಅದರ ಒಳಗೇ ಉಳಿದಿದ್ದರೆ ರೋಗ ಇನ್ನೂ ಹುಟ್ಟಿದ ಜಾಗ ಬಿಟ್ಟಿಲ್ಲ. 1932ರಲ್ಲಿ ಅಮೆರಿಕದ ಆಲ್ಬರ್ಟ್ ಬ್ರೋಡರ್ಸ್ ಈ ಘಟ್ಟಕ್ಕೆ ಪ್ರತ್ಯೇಕ ಹೆಸರು ಕೊಟ್ಟ. ಪೊರೆ ಹರಿದು ಕೋಶಗಳು ಆಚೆ ನುಗ್ಗಿದವೆಂದರೆ ಅವಕ್ಕೆ ರಕ್ತನಾಳವೂ ದುಗ್ಧನಾಳವೂ ಕೈಗೆಟಕುತ್ತವೆ. ಪೆಥಾಲಜಿಸ್ಟ್ ಸ್ಲೈಡಿನ ಮುಂದೆ ಕೂತು ಮೊದಲು ಹುಡುಕುವುದೇ ಈ ಪೊರೆ ಉಳಿದಿದೆಯೋ ಹರಿದಿದೆಯೋ ಎಂಬುದನ್ನು.

ಬೀಜ, ಭೂಮಿ ಮತ್ತು ಕತ್ತಿ

ಪ್ಯಾಜೆಟ್ ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು. ಕ್ಯಾನ್ಸರ್‌ನ ಕೋಶಗಳು ರಕ್ತದಲ್ಲಿ ತೇಲಿ ಎಲ್ಲ ಕಡೆಗೂ ಹೋಗುತ್ತವೆಂದರೆ, ಎಲ್ಲ ಅಂಗಗಳಲ್ಲೂ ಒಂದೇ ಸಮನಾಗಿ ಬೇರೂರಬೇಕಲ್ಲ? ದಾಖಲೆಗಳು ಹಾಗೆ ಹೇಳಲಿಲ್ಲ. 735 ಹೆಂಗಸರಲ್ಲಿ 241 ಮಂದಿಯ ಯಕೃತ್ತಿಗೆ ರೋಗ ಹಬ್ಬಿತ್ತು. ಗುಲ್ಮಕ್ಕೆ ಹಬ್ಬಿದ್ದು ಬರೀ 17 ಮಂದಿಯಲ್ಲಿ. ಎರಡಕ್ಕೂ ರಕ್ತ ಧಾರಾಳವಾಗಿಯೇ ಹರಿಯುತ್ತದೆ. ಹಾಗಿದ್ದರೆ ವ್ಯತ್ಯಾಸ ಇರುವುದು ಕೋಶ ಬಿದ್ದ ನೆಲದಲ್ಲಿ ಎಂದ ಪ್ಯಾಜೆಟ್. ಬೀಜ ಎಲ್ಲ ಕಡೆಗೂ ಹಾರುತ್ತದೆ, ಒಗ್ಗಿದ ಭೂಮಿಯಲ್ಲಿ ಮಾತ್ರ ಮೊಳೆಯುತ್ತದೆ. ಕಲಬುರಗಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆಹೊಲದಲ್ಲಿ ತೋಳುದ್ದ ಬೆಳೆಯುವ ತೊಗರಿ ಫರಸಿಕಲ್ಲಿನ ಮೇಲೆ ಬಿದ್ದರೆ ಬಿಸಿಲಿಗೆ ಒಣಗಿಹೋಗುತ್ತದೆ.

ಈ ಮಾತಿನಲ್ಲಿ ಒಂದು ಎಚ್ಚರಿಕೆ ಇತ್ತು: ಬೀಜ ಆಗಲೇ ಹಾರಿದ್ದರೆ ಗಿಡವನ್ನು ಎಷ್ಟು ಆಳಕ್ಕೆ ಅಗೆದು ಕಿತ್ತರೂ ಸಾಲದು. ಆ ಕಾಲದ ವೈದ್ಯಲೋಕ ಅದಕ್ಕೆ ಕಿವಿಗೊಡಲಿಲ್ಲ. ಅದು ನಂಬಿದ್ದು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್‌ನನ್ನು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಈ ಶಸ್ತ್ರವೈದ್ಯ 1894ರಲ್ಲಿ 50 ಹೆಂಗಸರ ಶಸ್ತ್ರಚಿಕಿತ್ಸೆಯ ವರದಿ ಪ್ರಕಟಿಸಿದ. ರೋಗ ಸ್ತನದಿಂದ ಹೆಜ್ಜೆ ಹೆಜ್ಜೆಯಾಗಿ ಸುತ್ತಲೂ ಹರಡುತ್ತದೆ, ಆದ್ದರಿಂದ ಎಷ್ಟು ಅಗಲಕ್ಕೆ ಕೊಯ್ದರೆ ಅಷ್ಟು ಕ್ಷೇಮ ಎಂಬುದು ಅವನ ನಂಬಿಕೆ. ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವ ಈ ಆಪರೇಷನ್ ಸುಮಾರು 80 ವರ್ಷ ಪ್ರಪಂಚದ ಶಾಸನವಾಗಿ ನಡೆಯಿತು. ಬದುಕಿ ಉಳಿದ ಎಷ್ಟೋ ಹೆಂಗಸರ ಎದೆಗೂಡು ಕುಳಿಬಿದ್ದು, ತೋಳು ಊದಿಕೊಂಡು, ಕೊಡ ಎತ್ತಲಾಗದ ಸ್ಥಿತಿ ಆಯಿತು.

ಹೈದರಾಬಾದಿನ ಕ್ಲೋರೋಫಾರ್ಮ್ ಪ್ರಯೋಗಗಳ ಕಥೆಯೂ ಹೀಗೆಯೇ ತಪ್ಪು ತೀರ್ಮಾನದಲ್ಲಿ ಮುಗಿಯಿತು. ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಕೊಡುವಾಗ ಉಸಿರನ್ನು ಗಮನಿಸಿದರೆ ಸಾಕು, ನಾಡಿ ನೋಡಬೇಕಾಗಿಲ್ಲ ಎಂದು ವಾದಿಸುತ್ತಿದ್ದ. 1888 ಮತ್ತು 1889ರ ಎರಡು ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ಅವನ ಪರವಾಗಿಯೇ ತೀರ್ಪು ಕೊಟ್ಟವು. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ದಿಕ್ಕೆಡಿಸಿ ಸಾವು ತರಬಲ್ಲದು ಎಂದು ಗುಡ್‌ಮನ್ ಲೆವಿ ತೋರಿಸಿಕೊಟ್ಟದ್ದು 1911ರಲ್ಲಿ. ತೀರ್ಪು ತಪ್ಪಾದರೂ ಹೈದರಾಬಾದ್ ವೈದ್ಯಶಾಲೆಯಿಂದ ಒಂದು ಒಳ್ಳೆಯದಾಯಿತು. ರೂಪಾಬಾಯಿ ಫರ್ದೂಂಜಿ ಎಂಬ ಪಾರ್ಸಿ ಹೆಣ್ಣುಮಗಳು ಅಲ್ಲಿ ಕಲಿತು ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡುವ ವೈದ್ಯೆಯಾದಳು. ಪ್ರಪಂಚದ ಮೊಟ್ಟಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವಳ ಹೆಸರಿದೆ. ಪರಗಂಡಸಿನ ಮುಂದೆ ಎದೆ ತೋರಿಸಲು ಸಾಯುವಷ್ಟು ಸಂಕೋಚಪಡುತ್ತಿದ್ದ ಕಾಲದಲ್ಲಿ ಆಪರೇಷನ್ ಕೋಣೆಯೊಳಗೆ ಒಬ್ಬ ಹೆಣ್ಣು ಇದ್ದದ್ದು ಸಣ್ಣ ಮಾತಲ್ಲ.

ಮುಂಬಯಿಯ ಪರೇಲಿನಲ್ಲಿ

ಪಶ್ಚಿಮದ ಗಡ್ಡೆಗಳ ಮೇಲೆ ಕಟ್ಟಿದ ಶಾಸ್ತ್ರ ನಮ್ಮ ಹೆಂಗಸರಿಗೂ ಹೊಂದುತ್ತದೆಯೇ? ಇಲ್ಲಿಯ ಗಡ್ಡೆಗಳನ್ನು ಇಲ್ಲಿಯೇ ಕೊಯ್ದು ನೋಡದೆ ಅದನ್ನು ಹೇಳಲಾಗುವುದಿಲ್ಲ. ಮೆಹರ್‌ಬಾಯಿ ಟಾಟಾ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ದೊರಾಬ್‌ಜಿ ಟಾಟಾರ ಹೆಸರಿನ ಟ್ರಸ್ಟ್ ಪರೇಲಿನಲ್ಲಿ ಆಸ್ಪತ್ರೆ ಕಟ್ಟಿಸಿತು. 1941ರ ಫೆಬ್ರವರಿ 28ರಂದು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಬಾಗಿಲು ತೆರೆಯಿತು. ಅದರ ಪ್ರಯೋಗಾಲಯದ ಹೊಣೆ ಹೊತ್ತವರು ವಸಂತ ರಾಮ್‌ಜಿ ಖಾನೋಲ್ಕರ್. ಭಾರತದ ಪೆಥಾಲಜಿಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಗಡ್ಡೆಯನ್ನು ಬರೀ ಗಡ್ಡೆಯಾಗಿ ನೋಡದೆ ಅದು ಯಾವ ಸಮುದಾಯದವರಲ್ಲಿ, ಯಾವ ರೂಢಿಯವರಲ್ಲಿ ಹೆಚ್ಚು ಎಂದು ಕೇಳಿದ್ದು ಅವರ ಹೆಚ್ಚುಗಾರಿಕೆ.

ಈ ಪ್ರಶ್ನೆಗೆ ಊರಿಗೆ ಊರನ್ನೇ ಎಣಿಸುವ ದಾಖಲೆ ಬೇಕಿತ್ತು. 1963ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ಡಾ. ಜಸ್ಸಾವಾಲಾ ಅವರ ಮುಂದಾಳತ್ವದಲ್ಲಿ ಶುರುವಾಯಿತು. ಪಾರ್ಸಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು, ಗರ್ಭಕೊರಳಿನ ಕ್ಯಾನ್ಸರ್ ಕಡಿಮೆ, ಉಳಿದ ಸಮುದಾಯಗಳಲ್ಲಿ ಇದು ತಿರುವುಮುರುವು ಎಂಬುದು ಅಂಕಿಗಳಲ್ಲಿ ಕಂಡಿತು. ತಡವಾದ ಮದುವೆ, ತಡವಾದ ಮೊದಲ ಬಾಣಂತನ, ಕಡಿಮೆ ಮಕ್ಕಳು ಎಂಬ ಸಂಗತಿಗಳ ಕಡೆಗೆ ಗಮನ ಹರಿಯಿತು. ಬ್ರಿಟನ್ನಿನ ಜಾನೆಟ್ ಲೇನ್-ಕ್ಲೇಪನ್ ಎಂಬ ವೈದ್ಯೆ ರೋಗ ಬಂದವರನ್ನೂ ಬರದವರನ್ನೂ ಪಕ್ಕಪಕ್ಕ ಇಟ್ಟು ಪ್ರಶ್ನೆ ಕೇಳಿ, 1926ರಲ್ಲಿಯೇ ಇಂಥದೇ ಸಂಗತಿಗಳನ್ನು ಗುರುತಿಸಿದ್ದರು.

ಮುಂಬಯಿಯ ನೋಂದಣಿ ಶುರುವಾದ ವರ್ಷವೇ ಕಲಬುರಗಿಗೂ ಮುಖ್ಯವಾದದ್ದು. ಅದಕ್ಕೆ ಮೊದಲು ಈ ಸೀಮೆಯ ಮೇಲೆ ರಾಜಕೀಯದ ಎರಡು ದೊಡ್ಡ ಹೊರಳುಗಳು ಆಗಿಹೋಗಿದ್ದವು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರು ಒಂದಾದ ಆ ದಿನ ದೊಡ್ಡ ಹಬ್ಬದ ದಿನ. ಆದರೆ ಹಾಸಿಗೆ ಹಿಡಿದವರ ಲೆಕ್ಕ ಬೇರೆ ಇತ್ತು. ಹೈದರಾಬಾದಿನಲ್ಲಿ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ 1955ರಲ್ಲಷ್ಟೇ ತಲೆಯೆತ್ತಿತ್ತು. ಮರುವರ್ಷವೇ ಅದು ಪರರಾಜ್ಯದ ಆಸ್ಪತ್ರೆಯಾಯಿತು. ಹೊಸ ರಾಜಧಾನಿ ಬೆಂಗಳೂರು ಸುಮಾರು 600 ಕಿಲೋಮೀಟರ್ ದೂರ. ಅಲ್ಲಿ ಆಗ ಕ್ಯಾನ್ಸರ್‌ಗೆ ಮೀಸಲಾದ ಸರ್ಕಾರಿ ಸಂಸ್ಥೆ ಇನ್ನೂ ಇರಲಿಲ್ಲ.

ಈ ಕೊರತೆಯನ್ನು ತುಂಬಲು ಊರಿನವರೇ ಮುಂದಾದರು. ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1963ರಲ್ಲಿ ಆ ಸಂಸ್ಥೆಯ ವೈದ್ಯಕೀಯ ಕಾಲೇಜು ಕಲಬುರಗಿಯಲ್ಲಿ ಪ್ರಾರಂಭವಾಯಿತು. ಇವತ್ತು ಅದಕ್ಕೆ ರಾಂಪುರೆಯವರದೇ ಹೆಸರು. ವೈದ್ಯಕೀಯ ಕಾಲೇಜು ಅಂದರೆ ಡಾಕ್ಟರರನ್ನು ತಯಾರು ಮಾಡುವ ಜಾಗ ಎಂದಷ್ಟೇ ಜನ ತಿಳಿಯುತ್ತಾರೆ. ಅಲ್ಲಿ ಪೆಥಾಲಜಿ ವಿಭಾಗ ಕಡ್ಡಾಯ. ಊತಕವನ್ನು ಕೊಯ್ದು, ಬಣ್ಣ ಹಚ್ಚಿ, ಓದಿ ಹೇಳುವ ಕಣ್ಣುಗಳು ಅದರ ಜೊತೆಗೇ ಊರಿಗೆ ಬರುತ್ತವೆ. ಮುಂದೆ ಖಾಜಾ ಬಂದಾನವಾಜ್ ಹೆಸರಿನ ಕಾಲೇಜು, ಸರ್ಕಾರದ ಜಿಮ್ಸ್, ಇಎಸ್ಐ ಕಾಲೇಜು ಒಂದಾದಮೇಲೊಂದು ಬಂದವು. ಬೆಂಗಳೂರಿನಲ್ಲಿ 1973ರಲ್ಲಿ ಕ್ಯಾನ್ಸರ್‌ಗೆ ಮೀಸಲಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಸ್ಥಾಪನೆಯಾಯಿತು. ಕಾಲಾನಂತರ ಅದರ ಉಪಕೇಂದ್ರವೊಂದು ಕಲಬುರಗಿಗೂ ಬಂತು. ಆದರೂ ನಮ್ಮವರು ಗಂಟು ಅಂದಕೂಡಲೇ ಸೋಲಾಪುರದ ಗಾಡಿ ಹತ್ತುವುದು, ಹೈದರಾಬಾದಿಗೆ ಓಡುವುದು, ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಮುಂಬಯಿಯ ಟಾಟಾ ಆಸ್ಪತ್ರೆಯ ಫುಟ್‌ಪಾತಿನ ಮೇಲೆ ರಾತ್ರಿ ಕಳೆಯುವುದು ನಿಲ್ಲಲಿಲ್ಲ.

ಕತ್ತಿ ಹಿಂದೆ ಸರಿದ ಕಥೆ

1971ರಲ್ಲಿ ಅಮೆರಿಕದ ಬರ್ನಾರ್ಡ್ ಫಿಶರ್ ಒಂದು ದೊಡ್ಡ ಪರೀಕ್ಷೆಗೆ ಕೈ ಹಾಕಿದ. ಯಾವ ಹೆಂಗಸಿಗೆ ಯಾವ ಆಪರೇಷನ್ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಹಾಲ್‌ಸ್ಟೆಡ್‌ನ ಅಗಲವಾದ ಕೊಯ್ತವನ್ನು ಕಡಿಮೆ ಕೊಯ್ತದ ಜೊತೆ ಹೋಲಿಸಿದ. ಇಟಲಿಯ ಮಿಲಾನಿನಲ್ಲಿ ಉಂಬೆರ್ತೊ ವೆರೊನೇಸಿ 1973ರಿಂದ 701 ಹೆಂಗಸರ ಮೇಲೆ ಇನ್ನೊಂದು ಪರೀಕ್ಷೆ ನಡೆಸಿದ: ಅರ್ಧದಷ್ಟು ಮಂದಿಗೆ ಹಾಲ್‌ಸ್ಟೆಡ್ ಆಪರೇಷನ್, ಉಳಿದವರಿಗೆ ಸ್ತನದ ಕಾಲುಭಾಗ ಮಾತ್ರ ತೆಗೆದು ವಿಕಿರಣ. ಎರಡೂ ಕಡೆ ಬಂದ ಉತ್ತರ ಒಂದೇ. ಹೆಚ್ಚು ಕೊಯ್ದವರು ಹೆಚ್ಚು ಬದುಕಲಿಲ್ಲ. 2002ರಲ್ಲಿ ಫಿಶರ್‌ನ 25 ವರ್ಷದ ಮತ್ತು ವೆರೊನೇಸಿಯ 20 ವರ್ಷದ ಫಲಿತಾಂಶಗಳು ಪ್ರಕಟವಾದಾಗ ಆ ಮಾತಿಗೆ ಮುದ್ರೆ ಬಿತ್ತು. ಸ್ನಾಯು ಕಿತ್ತದ್ದರಿಂದ ಉಳಿದ ಜೀವ ಯಾವುದೂ ಇರಲಿಲ್ಲ. ಬೀಜ ಮತ್ತು ಭೂಮಿಯ ಮಾತೇ ಕೊನೆಗೂ ನಿಂತಿತು.

ಕತ್ತಿ ಹಿಂದೆ ಸರಿದ ಜಾಗಕ್ಕೆ ಔಷಧ ಬಂತು. ಅದರ ಮೂಲ 1896ಕ್ಕೆ ಹೋಗುತ್ತದೆ. ಗ್ಲಾಸ್ಗೋದ ಜಾರ್ಜ್ ಬೀಟ್ಸನ್, ಆಪರೇಷನ್ನಿನ ಮೇಲೂ ರೋಗ ಮರುಕಳಿಸಿದ ಎಳೆಯ ಹೆಂಗಸೊಬ್ಬಳ ಅಂಡಾಶಯಗಳನ್ನು ತೆಗೆದ. ಎದೆಯ ಗಡ್ಡೆಗಳು ಕರಗಿದವು. ಯಾಕೆ ಎಂಬುದು ಅವನಿಗೆ ಗೊತ್ತಾಗಲಿಲ್ಲ, ಹಾರ್ಮೋನಿನ ಹೆಸರೇ ಆಗ ಇರಲಿಲ್ಲ. ಅರವತ್ತು ವರ್ಷದ ನಂತರ ಶಿಕಾಗೊದ ಎಲ್‌ವುಡ್ ಜೆನ್ಸನ್ ಉತ್ತರ ಹುಡುಕಿದ. ಕೆಲವು ಗಡ್ಡೆಗಳ ಜೀವಕೋಶಗಳಲ್ಲಿ ಈಸ್ಟ್ರೋಜನ್ ಬಂದು ಕೂರುವ ಗ್ರಾಹಕ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಇದ್ದವರಿಗೆ ಹಾರ್ಮೋನನ್ನು ತಡೆದರೆ ರೋಗ ಸೊರಗುತ್ತದೆ. ಅದೇ ಹೊತ್ತಿಗೆ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಗರ್ಭನಿರೋಧಕಕ್ಕೆಂದು ತಯಾರಿಸಿದ ವಸ್ತುವೊಂದು ಆ ಕೆಲಸಕ್ಕೆ ಒದಗಲಿಲ್ಲ, ಆದರೆ ಈಸ್ಟ್ರೋಜನನ್ನು ತಡೆಯುವ ಕೆಲಸಕ್ಕೆ ಒದಗಿತು, ಅದೇ ಟ್ಯಾಮಾಕ್ಸಿಫೆನ್. ಇವತ್ತು ಹಳ್ಳಿಯ ಹೆಂಗಸೂ ದಿನಕ್ಕೊಂದರಂತೆ ವರ್ಷಗಟ್ಟಲೆ ನುಂಗುವ ಅಗ್ಗದ ಗುಳಿಗೆ.

ಇನ್ನೊಂದು ಬಾಗಿಲು 1987ರಲ್ಲಿ ತೆರೆಯಿತು. ಲಾಸ್ ಏಂಜಲೀಸಿನ ಡೆನಿಸ್ ಸ್ಲ್ಯಾಮನ್, ಹರ್-2 ಎಂಬ ಜೀನಿನ ಪ್ರತಿಗಳು ಅತಿಯಾದ ಗಡ್ಡೆಗಳು ಬೇಗ ಮರುಕಳಿಸುತ್ತವೆ ಎಂದು ತೋರಿಸಿದ. ಆ ಗಡ್ಡೆಗಳಿಗೆ ಗುರಿಯಿಟ್ಟು ಮಾಡಿದ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಬೆಲೆ ಆಗ ನಮ್ಮ ಮಧ್ಯಮವರ್ಗಕ್ಕೂ ಕೈಗೆಟುಕದ್ದಾಗಿತ್ತು. 2014ರ ಆರಂಭದಲ್ಲಿ ಬೆಂಗಳೂರಿನ ಬಯೋಕಾನ್ ‘ಕ್ಯಾನ್‌ಮ್ಯಾಬ್’ ಹೆಸರಿನಲ್ಲಿ ಅದರ ಹೋಲಿಕೆಯ ಔಷಧವನ್ನು ಭಾರತದ ಮಾರುಕಟ್ಟೆಗೆ ತಂದಿತು. ಹರ್-2 ರೋಗಿಗೆ ಬೇಕಾದ ಔಷಧ ಆಗ ಕರ್ನಾಟಕದಲ್ಲಿಯೇ ತಯಾರಾಗತೊಡಗಿತು.

ಡಬ್ಬಿಯೊಳಗಿನ ತುಣುಕು

ಈ ಎಲ್ಲ ಅರಿವು ಕೊನೆಗೆ ಬಂದು ನಿಲ್ಲುವುದು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿಯೋ ಆಳಂದದಲ್ಲಿಯೋ ಒಬ್ಬ ಹೆಂಗಸಿನ ಗಂಟಿನಿಂದ ತೆಗೆದ ತುಣುಕು ಅದರಲ್ಲಿರುತ್ತದೆ. ಡಬ್ಬಿಯನ್ನು ಕ್ಯಾರಿಬ್ಯಾಗಿನಲ್ಲಿ ಹಿಡಿದು ಬಸ್ಸಿನಲ್ಲಿ ಲ್ಯಾಬಿಗೆ ತರುವವರು ಎಷ್ಟೋ ಸಲ ಗಂಡನೋ ಮಗನೋ ತಮ್ಮನೋ ಆಗಿರುತ್ತಾರೆ. ಅದರಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ದೇಹದಿಂದ ಬೇರೆಯಾದ ಕ್ಷಣದಿಂದ ಊತಕ ಕೊಳೆಯಲು ಶುರುವಾಗುತ್ತದೆ. ಒಂದು ಗಂಟೆಯೊಳಗೆ ಅದು ಶೇ. 10ರ ಹದವಾದ ಫಾರ್ಮಲಿನ್ನಿಗೆ ಬೀಳಬೇಕು, ತುಣುಕಿನ ಹತ್ತು ಪಟ್ಟಾದರೂ ಫಾರ್ಮಲಿನ್ ಇರಬೇಕು. ಅದರಲ್ಲಿ ಕಡಿಮೆ ಎಂದರೆ 6 ಗಂಟೆ, ಹೆಚ್ಚೆಂದರೆ 72 ಗಂಟೆ ನೆನೆಯಬೇಕು. ಕಲಬುರಗಿಯ ಮೇ ತಿಂಗಳಲ್ಲಿ, 42 ಡಿಗ್ರಿಯ ಬಿಸಿಲಿನಲ್ಲಿ, ಉಪ್ಪುನೀರಿನಲ್ಲಿ ಹಾಕಿ ಕಳಿಸಿದ ತುಣುಕು ಲ್ಯಾಬು ತಲುಪುವ ಹೊತ್ತಿಗೆ ತನ್ನ ಗುಟ್ಟನ್ನೆಲ್ಲ ಕಳಕೊಂಡಿರುತ್ತದೆ. ಈಸ್ಟ್ರೋಜನ್ ಗ್ರಾಹಕ ಇದ್ದರೂ ಇಲ್ಲವೆಂದು ವರದಿ ಬರಬಹುದು. ಹಾಗೆ ಬಂದರೆ ಐದು ವರ್ಷ ಗುಳಿಗೆ ನುಂಗಿ ಉಳಿಯಬಹುದಾದವಳಿಗೆ ಆ ಗುಳಿಗೆಯೇ ಸಿಗುವುದಿಲ್ಲ.

ಲ್ಯಾಬಿನಲ್ಲಿ ತುಣುಕಿನ ನೀರನ್ನು ಆಲ್ಕೋಹಾಲಿನಿಂದ ಹಂತಹಂತವಾಗಿ ಹೀರಿ ತೆಗೆದು, ಅದರ ಜಾಗಕ್ಕೆ ಕರಗಿದ ಪ್ಯಾರಾಫಿನ್ ಮೇಣ ತುಂಬುತ್ತಾರೆ. ತಣ್ಣಗಾದ ಮೇಲೆ ಅದು ಬೆರಳಗಲದ ಬಿಳಿ ಬ್ಲಾಕು. ಟೆಕ್ನಿಷಿಯನ್ ಅದನ್ನು ಮೈಕ್ರೋಟೋಮಿಗೆ ಕೂರಿಸಿ ಚಕ್ರ ತಿರುಗಿಸುತ್ತಾನೆ. ಒಂದು ಮಿಲಿಮೀಟರಿನ ಇನ್ನೂರೈವತ್ತನೆಯ ಒಂದು ಭಾಗದಷ್ಟು ತೆಳುವಾದ ಪದರ ಎದ್ದು ರಿಬ್ಬನ್ನಿನಂತೆ ಹೊರಬರುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಸುಕ್ಕು ಬಿಡಿಸಿ, ಗಾಜಿನ ಪಟ್ಟಿಯಿಂದ ಎತ್ತಿಕೊಳ್ಳುತ್ತಾನೆ. ಹೆಮಟಾಕ್ಸಿಲಿನ್ ಹಚ್ಚಿದರೆ ಕೋಶಕೇಂದ್ರಗಳು ನೇರಳೆನೀಲಿ, ಇಯೋಸಿನ್ ಹಚ್ಚಿದರೆ ಉಳಿದದ್ದೆಲ್ಲ ಗುಲಾಬಿ.

ಆಮೇಲೆ ಪೆಥಾಲಜಿಸ್ಟ್ ಮೂರು ಪ್ರಶ್ನೆ ಕೇಳುತ್ತಾರೆ. ಕೋಶಗಳು ಹಾಲಿನ ನಾಳದ ಆಕಾರವನ್ನು ಎಷ್ಟು ಉಳಿಸಿಕೊಂಡಿವೆ? ಅವುಗಳ ಕೇಂದ್ರಗಳು ಎಷ್ಟು ವಿಕಾರವಾಗಿವೆ? ಎಷ್ಟು ಕೋಶಗಳು ಈಗಲೇ ಒಡೆದು ಎರಡಾಗುತ್ತಿವೆ? ಒಂದೊಂದಕ್ಕೆ 1ರಿಂದ 3ರವರೆಗೆ ಅಂಕ. ಮೊತ್ತ 3ರಿಂದ 5 ಆದರೆ ಒಂದನೆಯ ದರ್ಜೆ, 6 ಅಥವಾ 7 ಆದರೆ ಎರಡನೆಯದು, 8 ಅಥವಾ 9 ಆದರೆ ಮೂರನೆಯದು. 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ರೂಪಿಸಿದ ಈ ಲೆಕ್ಕವನ್ನು 1991ರಲ್ಲಿ ನಾಟಿಂಗ್‌ಹ್ಯಾಮಿನ ಎಲ್‌ಸ್ಟನ್ ಮತ್ತು ಎಲ್ಲಿಸ್ ಇನ್ನಷ್ಟು ಖಚಿತಗೊಳಿಸಿದರು. ಇದಕ್ಕೆ ಬೇಕಾದದ್ದು ಒಳ್ಳೆಯ ಸ್ಲೈಡು, ಒಳ್ಳೆಯ ಸೂಕ್ಷ್ಮದರ್ಶಕ, ಪಳಗಿದ ಕಣ್ಣು. ಅದೇ ಬ್ಲಾಕಿನ ಇನ್ನೂ ಮೂರು ಪದರಗಳ ಮೇಲೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಗ್ರಾಹಕಗಳ ಮತ್ತು ಹರ್-2ರ ಪರೀಕ್ಷೆ ನಡೆಯುತ್ತದೆ. ಶೇಕಡಾ 1ರಷ್ಟು ಕೋಶಕೇಂದ್ರಗಳು ಬಣ್ಣ ಹಿಡಿದರೂ ಈಸ್ಟ್ರೋಜನ್ ಗ್ರಾಹಕ ಇದೆಯೆಂದೇ ಲೆಕ್ಕ. ಮೂರೂ ಇಲ್ಲದ ಗಡ್ಡೆ ಹೆಚ್ಚು ಬಿರುಸಿನದು. ಅಂಥವುಗಳ ಪಾಲು ಪಶ್ಚಿಮದ ದೇಶಗಳಿಗಿಂತ ಭಾರತದಲ್ಲಿ ಹೆಚ್ಚು. ನಮ್ಮ ಹೆಂಗಸರಿಗೆ ರೋಗ ಬರುವ ಸರಾಸರಿ ವಯಸ್ಸೂ ಅಲ್ಲಿಯವರಿಗಿಂತ ಸುಮಾರು ಹತ್ತು ವರ್ಷ ಮುಂಚೆ.

ದುಡ್ಡು, ದೂರ ಮತ್ತು ನಾಚಿಕೆ

2010ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಜಾರಿಗೆ ತಂದಿತು. ಅದನ್ನು ಮೊದಲು ಕೊಟ್ಟದ್ದು ಗುಲ್ಬರ್ಗಾ ವಿಭಾಗಕ್ಕೆ. ಬಡತನರೇಖೆಯ ಕೆಳಗಿನ ಕುಟುಂಬಗಳಿಗೆ ಕ್ಯಾನ್ಸರ್, ಹೃದಯರೋಗದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಯಿತು. ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿ ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯೂ ಇತ್ತು. ಯೋಜನೆ ಬಂದ 300 ಹಳ್ಳಿಗಳನ್ನು ಇನ್ನೂ ಬಾರದ ನೆರೆಯ 272 ಹಳ್ಳಿಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡವರಲ್ಲಿ ಸತ್ತವರ ಪ್ರಮಾಣ ಯೋಜನೆ ಬಂದ ಕಡೆ ಶೇ. 0.32, ಬಾರದ ಕಡೆ ಶೇ. 0.90. ದುಡ್ಡಿನ ಗೋಡೆಯೊಂದು ಬಿದ್ದರೆ ಎಷ್ಟು ಜೀವ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಾಗಿಲ್ಲ. ಯೋಜನೆ ಮುಂದೆ ಹೆಸರು ಬದಲಿಸಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದೊಳಗೆ ಸೇರಿತು.

ಇನ್ನೊಂದು ಗೋಡೆ ಉಳಿದಿದೆ. “ನೋವೇ ಇಲ್ಲಲ್ರೀ, ಮತ್ತ್ಯಾಕ ತೋರಸೂದು?” ಎಂಬ ಮಾತನ್ನು ಈ ಸೀಮೆಯಲ್ಲಿ ಕೇಳದ ಡಾಕ್ಟರರಿಲ್ಲ. ಸ್ತನ ಕ್ಯಾನ್ಸರ್‌ನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ಅದು ಚರ್ಮ ಎಳೆದು, ಹುಣ್ಣಾಗಿ, ಕಂಕುಳಿನಲ್ಲಿ ಗಂಟುಗಳು ಎದ್ದ ಮೇಲೆ ಬಂದವರಿಗೆ ಶಾಸ್ತ್ರ ಕೊಡಬಹುದಾದದ್ದು ಬಹಳ ಕಡಿಮೆ. ನಾಚಿಕೆ, ಮಗಳ ಮದುವೆ, ಸುಗ್ಗಿಯ ಕೆಲಸ, ಗಂಡನಿಗೆ ಹೇಗೆ ಹೇಳುವುದೆಂಬ ಅಳುಕು ಎಲ್ಲವೂ ಸೇರಿ ತಿಂಗಳುಗಳನ್ನು ತಿನ್ನುತ್ತವೆ.

ಈ ಗೋಡೆಗೂ ಒಂದು ಉತ್ತರ ಮುಂಬಯಿಯಿಂದಲೇ ಬಂದಿದೆ. ಟಾಟಾ ಆಸ್ಪತ್ರೆಯ ಡಾ. ಇಂದ್ರನೀಲ್ ಮಿತ್ರಾ ಮತ್ತು ಸಂಗಡಿಗರು 1998ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಕೊಳೆಗೇರಿಗಳ 1,51,538 ಹೆಂಗಸರು ಇದ್ದರು. ಅವರಲ್ಲಿ ಅರ್ಧದಷ್ಟು ಮಂದಿಯ ಎದೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಯಂತ್ರವಿಲ್ಲ, ಮ್ಯಾಮೊಗ್ರಾಮ್ ಇಲ್ಲ. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಬಂತು. ಮುಂದುವರಿದ ಹಂತದಲ್ಲಿ ಪತ್ತೆಯಾದವರ ಪಾಲು ಪರೀಕ್ಷೆ ನಡೆಯದ ಗುಂಪಿನಲ್ಲಿ ಶೇ. 47, ನಡೆದ ಗುಂಪಿನಲ್ಲಿ ಶೇ. 37. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ, ಆದ್ದರಿಂದ ಕೈ ಪರೀಕ್ಷೆಯೇ ಎಲ್ಲಕ್ಕೂ ಮದ್ದು ಎಂದು ಹೇಳುವಂತಿಲ್ಲ. ಆದರೆ ಊರೂರಿಗೂ ಕಳಿಸಬಹುದಾದ, ಹೆಣ್ಣಿನಿಂದ ಹೆಣ್ಣಿಗೆ ನಡೆಯುವ, ಖರ್ಚು ಕಡಿಮೆಯ ದಾರಿ ಇದು. 30 ದಾಟಿದ ಎಲ್ಲರಿಗೂ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆಶಾ ಕಾರ್ಯಕರ್ತೆಯ ವಹಿಯಲ್ಲಿ ಅದು ಬರೀ ಟಿಕ್ ಗುರುತಾಗಿ ಉಳಿಯದೆ ನಿಜವಾದ ಪರೀಕ್ಷೆಯಾಗಬೇಕು.

ಜಾಗತಿಕ ಲೆಕ್ಕದ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಸುಮಾರು 98,000 ಮಂದಿ ಅದರಿಂದ ತೀರಿಕೊಂಡರು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ, ಇಬ್ಬರಿಗೆ ರೋಗ ಬಂದಾಗ ಒಬ್ಬಳು ಸತ್ತ ಲೆಕ್ಕ. ಅಮೆರಿಕದಲ್ಲಿ ಈ ಅನುಪಾತ ಆರಕ್ಕೆ ಒಂದರಷ್ಟೂ ಇಲ್ಲ. ಕೋಶ ಅದೇ, ಶಾಸ್ತ್ರ ಅದೇ, ಟ್ಯಾಮಾಕ್ಸಿಫೆನ್ ಗುಳಿಗೆಯೂ ಅದೇ. ನಮ್ಮಲ್ಲಿ ಹೆಚ್ಚು ಸಾವು ಆಗುವುದು ಗಂಟು ಕೈಗೆ ಸಿಕ್ಕ ದಿನದಿಂದ ಸರಿಯಾದ ವರದಿ ಕೈಗೆ ಬಂದು ಪೂರ್ತಿ ಚಿಕಿತ್ಸೆ ಶುರುವಾಗುವ ದಿನದ ನಡುವಿನ ಅಂತರದಲ್ಲಿ.

ಆ ಅಂತರವನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ. ಗಂಟು ಕಂಡರೆ ನೋವಿಗಾಗಿ ಕಾಯದೆ ವಾರದೊಳಗೆ ತೋರಿಸಬೇಕು. ಸೂಜಿ ಪರೀಕ್ಷೆಯಾಗಲಿ ಬಯಾಪ್ಸಿಯಾಗಲಿ ಆಗದೆ ಗಂಟನ್ನು ಕೊಯ್ಯಲು ಒಪ್ಪಬಾರದು. ತೆಗೆದದ್ದು ಎಷ್ಟೇ ಸಣ್ಣ ತುಣುಕಾದರೂ ಫಾರ್ಮಲಿನ್ನಿನಲ್ಲಿ ಲ್ಯಾಬಿಗೆ ಹೋಯಿತೇ ಎಂದು ಕೇಳಬೇಕು. ವರದಿಯಲ್ಲಿ ದರ್ಜೆ, ಗ್ರಂಥಿಗಳ ಲೆಕ್ಕ, ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್-2 ಇವೆಲ್ಲ ಇವೆಯೇ ಎಂದು ನೋಡಬೇಕು. ಬೇರೆ ಊರಿಗೆ ಹೋಗುವುದಾದರೆ ಕಾಗದದ ಜೊತೆಗೆ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ತೆಗೆದುಕೊಳ್ಳಬೇಕು. ವರ್ಷಗಳ ಮೇಲೂ ಅದರಿಂದ ಹೊಸ ಪರೀಕ್ಷೆ ಮಾಡಬಹುದು. ಸರ್ಕಾರ ತನ್ನ ಪಾಲಿಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಫಾರ್ಮಲಿನ್, ಬಯಾಪ್ಸಿ ಸೂಜಿ, ತುಣುಕು ಒಯ್ಯುವ ವ್ಯವಸ್ಥೆ ಇಡಬೇಕು, ಗ್ರಾಹಕಗಳ ಪರೀಕ್ಷೆಯನ್ನು ಜಿಲ್ಲಾ ಕೇಂದ್ರದಲ್ಲಿ ಉಚಿತವಾಗಿ ಕೊಡಬೇಕು. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಬೇಕಾದ ಅರಿವೆಲ್ಲ ಆಗಲೇ ಇದೆ, ಅದನ್ನು ದುಡಿದು ಕೊಟ್ಟವರಲ್ಲಿ ಲೆಕ್ಕವಿಲ್ಲದಷ್ಟು ಹೆಂಗಸರು ತಮ್ಮ ದೇಹವನ್ನೇ ಕೊಟ್ಟಿದ್ದಾರೆ. ಅದರ ಫಲ ಕಮಲಾಪುರದ ಹೆಣ್ಣುಮಗಳಿಗೂ ಪರೇಲಿನ ಹೆಣ್ಣುಮಗಳಿಗೆ ಸಿಗುವಷ್ಟೇ ಬೇಗ, ಅಷ್ಟೇ ಪೂರ್ತಿಯಾಗಿ ಸಿಗಬೇಕು.